ಸ್ಪೋರ್ಟ್ಸ್ ಕಾರಿನ ಸಿಲಿಂಡರ್ ಸವೆತ: ಬೋರ್ ಹೊಡೆಸುವ ಮೊದಲು

ದಾವಣಗೆರೆಯಲ್ಲಿ ಬೋರಿಂಗ್, ಅಂದರೆ ಸವೆದ ಸಿಲಿಂಡರಿನ ಒಳಗೋಡೆಯನ್ನು ಕೊರೆದು ತುಸು ದೊಡ್ಡದು ಮಾಡುವ ಕೆಲಸವೆಂದರೆ ಬಹುಪಾಲು ಲಾರಿ ಮತ್ತು ಟ್ರ್ಯಾಕ್ಟರ್ ಎಂಜಿನ್‌ಗಳ ಕೆಲಸ. ಪಕ್ಕದ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳ ಮೇಲೆ ಕೈ ಪಳಗಿದ ಟರ್ನರ್‌ಗಳು ಈ ಭಾಗದಲ್ಲಿ ಇಂದಿಗೂ ಇದ್ದಾರೆ. ಎರಕದ ಕಬ್ಬಿಣದ ಬ್ಲಾಕನ್ನು (ಸಿಲಿಂಡರ್‌ಗಳಿರುವ ಎಂಜಿನ್ನಿನ ಒಡಲು) 0.25 ಅಥವಾ 0.50 ಮಿಲಿಮೀಟರ್ ಓವರ್‌ಸೈಜಿಗೆ ತಂದು ಹೋನಿಂಗ್ ಮಾಡಿ (ಒಳಗೋಡೆಯನ್ನು ಕಲ್ಲಿನಿಂದ ಉಜ್ಜಿ ಹದಗೊಳಿಸಿ) ಕೊಡುವುದು ಅವರಿಗೆ ನಿತ್ಯದ ಕೆಲಸ. ಆದರೆ ಹಳೆಯ ಸ್ಪೋರ್ಟ್ಸ್ ಕಾರನ್ನು ಆಸೆಪಟ್ಟು ಕೊಂಡವರು ನಮ್ಮ ಜಿಲ್ಲೆಯಲ್ಲೂ ಚಿತ್ರದುರ್ಗದಲ್ಲೂ ಕಾಣಿಸತೊಡಗಿದ್ದಾರೆ. ಅಂಥ ಕಾರು ಎಂಜಿನ್ ಎಣ್ಣೆ ಕುಡಿಯಲಾರಂಭಿಸಿದಾಗ ಅವರಿಗೆ ಮೊದಲು ಸಿಗುವ ಸಲಹೆ ಒಂದೇ: “ಬೋರ್ ಹೊಡೆಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿಬಿಡ್ರಿ ಅಣ್ಣಾ.” ಲಾರಿಗೆ ಸರಿಯಾದ ಈ ಸಲಹೆ ಸ್ಪೋರ್ಟ್ಸ್ ಕಾರಿನ ಅಲ್ಯೂಮಿನಿಯಂ ಬ್ಲಾಕನ್ನು ಹಾಳುಮಾಡಬಲ್ಲದು ಎಂಬುದೇ ಈ ಬರಹಕ್ಕೆ ಕಾರಣ.

ಮೊದಲು ಸವೆತದ ವಿಚಾರ. ಪಿಸ್ಟನ್ ವೇಗವಾಗಿ ಚಲಿಸುವಾಗ ಅದರ ಸುತ್ತ ಕೂತ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಎಣ್ಣೆಯ ಪದರ ತಾನಾಗಿಯೇ ನಿಲ್ಲುತ್ತದೆ. ಪಿಸ್ಟನ್ ಮೇಲ್ತುದಿಗೆ ಬಂದು ದಿಕ್ಕು ಬದಲಿಸುವ ಕ್ಷಣದಲ್ಲಿ ಅದರ ವೇಗ ಸೊನ್ನೆಯಾಗುತ್ತದೆ. ಅಲ್ಲಿಯೇ ಒತ್ತಡವೂ ಶಾಖವೂ ಅತಿ ಹೆಚ್ಚು, ಎಣ್ಣೆಯ ಪದರ ಅತಿ ತೆಳು. ಆದ್ದರಿಂದ ಮೇಲಿನ ರಿಂಗ್ ನಿಂತು ತಿರುಗುವ ಜಾಗದಲ್ಲಿ ಬೋರ್ (ಸಿಲಿಂಡರಿನ ಒಳರಂಧ್ರ) ಹೆಚ್ಚು ಸವೆಯುತ್ತದೆ, ಅದರ ಮೇಲೆ ಸವೆಯದೆ ಉಳಿದ ಭಾಗ ಅಂಚಿನಂತೆ ಬೆರಳಿಗೆ ತಗಲುತ್ತದೆ. ಕನೆಕ್ಟಿಂಗ್ ರಾಡ್ ಓರೆಯಾಗಿ ನೂಕುವುದರಿಂದ ಪಿಸ್ಟನ್ ಒಂದು ಬದಿಯ ಗೋಡೆಗೆ ಹೆಚ್ಚು ಒತ್ತಿಕೊಳ್ಳುತ್ತದೆ, ಬೋರ್ ಕ್ರಮೇಣ ಅಂಡಾಕಾರಕ್ಕೆ ಬರುತ್ತದೆ. ಇದು ಎಲ್ಲ ಎಂಜಿನ್‌ಗಳಿಗೂ ಸಮಾನ. ವ್ಯತ್ಯಾಸವಿರುವುದು ಪ್ರಮಾಣದಲ್ಲಿ. ಪೋರ್ಶೆ 911 ಜಿಟಿ3 ಕಾರಿನ 4.0 ಲೀಟರ್ ಎಂಜಿನ್‌ನ ಸ್ಟ್ರೋಕ್ (ಪಿಸ್ಟನ್ ಒಂದು ಸಲ ಸಾಗುವ ದೂರ) 81.5 ಮಿಲಿಮೀಟರ್, ಅದು ನಿಮಿಷಕ್ಕೆ 9000 ಸುತ್ತು ತಿರುಗುವಾಗ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 24 ಮೀಟರಿಗೂ ಹೆಚ್ಚು. 110 ಮಿಲಿಮೀಟರ್ ಸ್ಟ್ರೋಕಿನ ಟ್ರ್ಯಾಕ್ಟರ್ ಎಂಜಿನ್ 2000 ಸುತ್ತಿನಲ್ಲಿ ಓಡಿದರೆ ಅದೇ ವೇಗ ಏಳು ಮೀಟರಿನ ಆಸುಪಾಸಿನಲ್ಲಿರುತ್ತದೆ.

ಈ ವೇಗವನ್ನು ತಾಳಿಕೊಳ್ಳಲು, ಜೊತೆಗೆ ತೂಕವನ್ನೂ ಇಳಿಸಲು, ಸ್ಪೋರ್ಟ್ಸ್ ಕಾರು ತಯಾರಕರು ಕಬ್ಬಿಣದ ಲೈನರನ್ನು (ಸಿಲಿಂಡರಿನೊಳಗೆ ಕೂರಿಸುವ ಕೊಳವೆ) ಬಿಟ್ಟು ಬೇರೆ ದಾರಿ ಹಿಡಿದರು. ಒಂದು ದಾರಿ ನಿಕಾಸಿಲ್: ಅಲ್ಯೂಮಿನಿಯಂ ಗೋಡೆಯ ಮೇಲೆ ನಿಕ್ಕಲ್ ಲೇಪಿಸಿ ಅದರೊಳಗೆ ಸಿಲಿಕಾನ್ ಕಾರ್ಬೈಡಿನ ಅತಿ ಸಣ್ಣ ಕಣಗಳನ್ನು ಕೂರಿಸುವ ವಿಧಾನ. ಜರ್ಮನಿಯ ಮಾಲೆ ಕಂಪನಿ ಇದನ್ನು ತ್ರಿಕೋನ ರೋಟರ್ ತಿರುಗುವ ವಾಂಕೆಲ್ ಎಂಜಿನ್‌ಗಾಗಿ ರೂಪಿಸಿತು. ಪೋರ್ಶೆ 917 ರೇಸ್ ಕಾರಿನಲ್ಲೂ 1973ರ ಕರೇರಾ ಆರ್‌ಎಸ್ 2.7ರಲ್ಲೂ ಅದು ಬಳಕೆಗೆ ಬಂತು. ಇನ್ನೊಂದು ದಾರಿ ಅಲುಸಿಲ್. ಇಲ್ಲಿ ಲೇಪವೇ ಇಲ್ಲ. ಸುಮಾರು ಶೇಕಡ 17ರಷ್ಟು ಸಿಲಿಕಾನ್ ಇರುವ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಇಡೀ ಬ್ಲಾಕನ್ನು ಎರಕ ಹೊಯ್ದು, ಬೋರ್ ಮಾಡಿದ ಮೇಲೆ ಮೇಲ್ಮೈಯ ಮೆತ್ತನೆಯ ಅಲ್ಯೂಮಿನಿಯಂ ಅನ್ನು ಮಾತ್ರ ಸ್ವಲ್ಪ ತೆಗೆದು, ಗಟ್ಟಿಯಾದ ಸಿಲಿಕಾನ್ ಹರಳುಗಳು ತುಸು ಮೇಲೆದ್ದು ನಿಲ್ಲುವಂತೆ ಮಾಡುತ್ತಾರೆ. ಪಿಸ್ಟನ್ ಜಾರುವುದು ಆ ಹರಳುಗಳ ಮೇಲೆ, ಎಣ್ಣೆ ನಿಲ್ಲುವುದು ಅವುಗಳ ನಡುವಿನ ತಗ್ಗಿನಲ್ಲಿ. ಅಲ್ಯೂಮಿನಿಯಂ ಅಲ್ಯೂಮಿನಿಯಂಗೆ ಉಜ್ಜಿದರೆ ಹಿಡಿದುಕೊಳ್ಳುವುದರಿಂದ ಪಿಸ್ಟನ್‌ನ ಸ್ಕರ್ಟಿಗೆ (ರಿಂಗ್‌ಗಳ ಕೆಳಗಿನ ಬದಿಯ ಭಾಗ) ಕಬ್ಬಿಣಾಂಶದ ಲೇಪ ಕೊಟ್ಟಿರುತ್ತಾರೆ. ಮೂರನೆಯದು ಪ್ಲಾಸ್ಮಾದಿಂದ ಕರಗಿಸಿದ ಲೋಹವನ್ನು ಗೋಡೆಗೆ ಸಿಂಪಡಿಸುವ ವಿಧಾನ. ನಿಸ್ಸಾನ್ ಜಿಟಿ-ಆರ್ ಆರ್35 ಎಂಜಿನ್‌ನಲ್ಲಿರುವುದು ಇದೇ.

ಅಲುಸಿಲ್ ಬ್ಲಾಕಿಗೆ ಮಾಮೂಲಿ ಬೋರಿಂಗ್ ಮಾಡಿ, ಕಬ್ಬಿಣಕ್ಕೆ ಬಳಸುವ ಕಲ್ಲಿನಿಂದಲೇ ಹೋನಿಂಗ್ ಮಾಡಿದರೆ ಏನಾಗುತ್ತದೆ? ಕಲ್ಲು ಸಿಲಿಕಾನ್ ಹರಳುಗಳನ್ನು ಒಡೆಯುತ್ತದೆ ಅಥವಾ ಕಿತ್ತುಹಾಕುತ್ತದೆ, ಮೇಲ್ಮೈಗೆ ಅಲ್ಯೂಮಿನಿಯಂ ಬಳಿದುಕೊಳ್ಳುತ್ತದೆ. ಬೋರ್ ಕಣ್ಣಿಗೆ ಕನ್ನಡಿಯಂತೆ ಹೊಳೆಯುತ್ತದೆ, ಅಳತೆಯೂ ಸರಿಯಾಗಿರುತ್ತದೆ, ಆದರೆ ಪಿಸ್ಟನ್ ಸ್ವಲ್ಪ ಕಾಲದಲ್ಲೇ ಗೋಡೆಯನ್ನು ಗೀರಿಹಾಕುತ್ತದೆ. ನಿಕಾಸಿಲ್‌ನ ಲೇಪವಂತೂ ಮಿಲಿಮೀಟರಿನ ಹತ್ತನೇ ಒಂದು ಭಾಗವನ್ನು ಮೀರುವುದು ಅಪರೂಪ. ಬೋರಿಂಗ್ ಬಾರ್ ಒಂದು ಸಲ ಇಳಿದರೆ ಲೇಪವೇ ಉಳಿಯುವುದಿಲ್ಲ.

ನಮ್ಮ ಭಾಗದಲ್ಲಿ ಸವೆತಕ್ಕೆ ದಾರಿಮಾಡುವ ರೂಢಿಗಳಲ್ಲಿ ನನಗೆ ಅತಿ ಹೆಚ್ಚು ಕಳವಳ ತರುವುದು ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ಕವಾಟ) ಕಿತ್ತುಹಾಕುವುದು. ಬೇಸಿಗೆಯಲ್ಲಿ ಎಂಜಿನ್ ಕಾಯಬಾರದೆಂದು ಅದನ್ನು ತೆಗೆದುಬಿಡುವ ಮೆಕ್ಯಾನಿಕ್‌ಗಳು ಬಹಳ ಮಂದಿ. ಆಗ ಎಂಜಿನ್ ತನ್ನ ನಿಗದಿತ ಶಾಖಕ್ಕೆ ಬರುವುದೇ ತಡವಾಗುತ್ತದೆ, ಕಂಪ್ಯೂಟರ್ ಇನ್ನೂ ತಣ್ಣಗಿದೆಯೆಂದು ತಿಳಿದು ಪೆಟ್ರೋಲನ್ನು ಹೆಚ್ಚಾಗಿ ಬಿಡುತ್ತದೆ, ಆವಿಯಾಗದ ಪೆಟ್ರೋಲ್ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ (ಸಂಪ್) ಇಳಿಯುತ್ತದೆ. ಬ್ಯಾಟರಿ ಉಳಿಯಲೆಂದು ಪೋರ್ಟಿಕೋದಲ್ಲಿ ನಿಂತ ಕಾರನ್ನು ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದಲೂ ಇದೇ ಹಾನಿ. ಬ್ಯಾಟರಿಗೆ ಸಣ್ಣ ಚಾರ್ಜರ್ ಹಾಕಿಡುವುದು ಎಷ್ಟೋ ಮೇಲು. ಕಾರನ್ನು ತೆಗೆದರೆ ಎಣ್ಣೆ ಚೆನ್ನಾಗಿ ಕಾಯುವಷ್ಟು ದೂರ ಓಡಿಸಬೇಕು. ಕೂಲೆಂಟ್ ಮುಳ್ಳು ನಡುಮಧ್ಯಕ್ಕೆ ಬಂದಾಗ ಎಣ್ಣೆ ಇನ್ನೂ ತಣ್ಣಗಿರುತ್ತದೆಯಾದ್ದರಿಂದ, ಎಣ್ಣೆಯ ಉಷ್ಣತೆ 80 ಡಿಗ್ರಿ ಸೆಲ್ಸಿಯಸ್ ದಾಟುವವರೆಗೆ ಎಂಜಿನ್ನನ್ನು 3000 ಸುತ್ತಿನೊಳಗೆ, ಹಗುರ ಆಕ್ಸಿಲರೇಟರಿನಲ್ಲಿ ಓಡಿಸುವುದು ಒಳ್ಳೆಯದು. ನಿಂತಲ್ಲೇ ಐಡ್ಲಿಂಗ್‌ನಲ್ಲಿ ಕಾಯಿಸುವುದು ಬೇಡ.

ಎರಡನೆಯದು ನೀರು. ಚಿತ್ರದುರ್ಗ ಜಿಲ್ಲೆಯ ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ಸುರಿದರೆ ವಾಟರ್ ಜಾಕೆಟಿನೊಳಗೆ ಸುಣ್ಣದ ಪದರ ಕಟ್ಟುತ್ತದೆ, ಪದರ ಕಟ್ಟಿದ ಕಡೆ ಸಿಲಿಂಡರ್ ಗೋಡೆ ಅತಿಯಾಗಿ ಕಾಯುತ್ತದೆ. ತಯಾರಕರು ಹೇಳಿದ ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಹೊರತು ಬೇರೇನನ್ನೂ ಹಾಕಬಾರದು. ಧೂಳಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಭೀಮಸಮುದ್ರದ ಕಡೆ ಅದಿರು ಲಾರಿಗಳ ಹಿಂದೆ ಓಡಿಸಿದವರಿಗೆ ಅದು ಗೊತ್ತು. ಪೇಪರ್ ಏರ್ ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆದು ಮತ್ತೆ ಮತ್ತೆ ಬಳಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅದು ಹರಿಯುತ್ತದೆ. ಹೊಸದನ್ನೇ ಹಾಕಬೇಕು.

ಒಂದು ವಿಷಯದಲ್ಲಿ ಸಮಾಧಾನವಿದೆ. 1990ರ ದಶಕದಲ್ಲಿ ಬಿಎಂಡಬ್ಲ್ಯುವಿನ ವಿ8 ಎಂಜಿನ್‌ಗಳ ನಿಕಾಸಿಲ್ ಗೋಡೆಗಳನ್ನು ಗಂಧಕ ಹೆಚ್ಚಿದ್ದ ಪೆಟ್ರೋಲ್ ಹಾಳುಮಾಡಿತ್ತು. ನಮ್ಮಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಇಂಧನ ಬಂದಿರುವುದರಿಂದ ಗಂಧಕದ ಪ್ರಮಾಣ ಹತ್ತು ಲಕ್ಷಕ್ಕೆ 10 ಭಾಗವನ್ನು ಮೀರುವಂತಿಲ್ಲ. ಆ ಭಯ ಈಗ ಇಲ್ಲ.

ಸವೆತವಾಗಿದೆಯೇ ಎಂದು ತಿಳಿಯಲು ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಒಂದನ್ನೇ ನಂಬಬಾರದು. ಗೀರು ಬಿದ್ದ ಬೋರಿನಲ್ಲೂ ಎಣ್ಣೆ ತುಂಬಿಕೊಂಡು ಕಂಪ್ರೆಷನ್ ಚೆನ್ನಾಗಿಯೇ ತೋರಬಹುದು. ಒಂದು ಬದಿಯ ಸೈಲೆನ್ಸರ್ ಬಾಯಿ ಮಾತ್ರ ಕಪ್ಪಗಿರುವುದು, ಎಣ್ಣೆ ಬೇಗ ಇಳಿಯುವುದು, ಬಿಸಿಯಾದ ಮೇಲೂ ನಿಲ್ಲದ ಟಕಟಕ ಸದ್ದು ಕಂಡುಬಂದರೆ ಸ್ಪಾರ್ಕ್ ಪ್ಲಗ್ ತೆಗೆದು, ಆ ರಂಧ್ರದಿಂದ ಒಳಗನ್ನು ತೋರಿಸುವ ಸಣ್ಣ ಕ್ಯಾಮೆರಾ ಆದ ಬೋರ್‌ಸ್ಕೋಪ್ ಇಳಿಸಬೇಕು. ಆರೋಗ್ಯವಾದ ಅಲುಸಿಲ್ ಗೋಡೆ ಬೂದುಬಣ್ಣದಲ್ಲಿ ಒಂದೇ ಸಮನಾಗಿರುತ್ತದೆ. ಹಾಳಾದ ಗೋಡೆಯಲ್ಲಿ ಪಿಸ್ಟನ್ ಒತ್ತುವ ಬದಿಗೆ ಮೇಲಿನಿಂದ ಕೆಳಕ್ಕೆ ನೇರ ಗೀರುಗಳು ಪಟ್ಟಿಯಾಗಿ ಕಾಣುತ್ತವೆ. ಎಂಜಿನ್ ಬಿಚ್ಚಿದ ಮೇಲೆ ಅವುಗಳ ಮೇಲೆ ಉಗುರನ್ನು ಅಡ್ಡಲಾಗಿ ಎಳೆದರೆ ಸಿಕ್ಕಿಕೊಳ್ಳುತ್ತದೆ, ಅದರ ಎದುರಿಗಿದ್ದ ಪಿಸ್ಟನ್ ಸ್ಕರ್ಟಿನ ಲೇಪ ಎದ್ದುಹೋಗಿ ಬಿಳಿ ಲೋಹ ಕಾಣುತ್ತಿರುತ್ತದೆ. ಉಗುರು ಸಿಕ್ಕಿಕೊಂಡಿತೆಂದರೆ ಆ ಬೋರನ್ನು ಹಾಗೆಯೇ ಬಿಟ್ಟು ರಿಂಗ್ ಮಾತ್ರ ಬದಲಿಸುವುದು ಹಣ ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ.

ದುರಸ್ತಿಗೆ ದಾರಿಗಳಿವೆ. ನಿಕಾಸಿಲ್ ಸಿಲಿಂಡರಿಗೆ ಮತ್ತೆ ಲೇಪ ಹಾಕಿಸಬಹುದು. ಅಲುಸಿಲ್ ಬ್ಲಾಕನ್ನು ವಜ್ರದ ಕಲ್ಲಿನಿಂದ ಹೋನ್ ಮಾಡಿ, ಕೊನೆಯಲ್ಲಿ ಹರಳುಗಳು ಮೇಲೇಳುವಂತೆ ಸಂಸ್ಕರಿಸಿ, ಲೇಪವಿರುವ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ಇದಕ್ಕೆ ಅದರದೇ ಸಲಕರಣೆಯಿರುವ ಕಾರ್ಯಾಗಾರ ಬೇಕು. ನಮ್ಮ ಟರ್ನರ್‌ಗಳ ಕೈಗೆ ಎಟುಕುವ ದಾರಿ ಲೈನರ್ ಕೂರಿಸುವುದು, ಆದರೆ ಅಲ್ಲಿಯೂ ಲೆಕ್ಕ ತಪ್ಪಬಾರದು. 100 ಮಿಲಿಮೀಟರ್ ಬೋರ್ 100 ಡಿಗ್ರಿಯಷ್ಟು ಬಿಸಿಯೇರಿದರೆ ಅಲ್ಯೂಮಿನಿಯಂ ಸುಮಾರು 0.23 ಮಿಲಿಮೀಟರ್ ಹಿಗ್ಗುತ್ತದೆ, ಎರಕದ ಕಬ್ಬಿಣ 0.11ರ ಆಸುಪಾಸಿನಲ್ಲಿ ಮಾತ್ರ. ತಣ್ಣಗಿದ್ದಾಗ ಬಿಗಿಯಾಗಿ ಕೂತಂತೆ ಕಾಣುವ ಲೈನರ್ ಎಂಜಿನ್ ಕಾದಾಗ ಸಡಿಲಗೊಂಡು ಕೆಳಗಿಳಿದರೆ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಅದರ ಮೇಲಿನ ಮುಚ್ಚಳವಾದ ಹೆಡ್‌ಗೂ ನಡುವಿನ ಪದರ) ಹೋಗುತ್ತದೆ, ಗೋಡೆಯಿಂದ ನೀರಿಗೆ ಶಾಖ ಸಾಗುವುದೂ ತಗ್ಗುತ್ತದೆ. ಹಾಗಾಗಿ ಬಿಗಿತವನ್ನು ಈ ಹಿಗ್ಗುವಿಕೆಗೆ ತಕ್ಕಂತೆ ಇಟ್ಟು, ಬ್ಲಾಕನ್ನು ಕಾಯಿಸಿ ಲೈನರನ್ನು ತಣಿಸಿ ಇಳಿಸಬೇಕು. ಮೇಲೆ ಅಂಚಿರುವ ಲೈನರಾದರೆ ಇನ್ನೂ ಒಳ್ಳೆಯದು. ಪಿಸ್ಟನ್ ಅಲ್ಯೂಮಿನಿಯಂನದೇ ಆದ್ದರಿಂದ ಅದಕ್ಕೂ ಕಬ್ಬಿಣದ ಗೋಡೆಗೂ ನಡುವಿನ ಸಂದನ್ನೂ (ಕ್ಲಿಯರೆನ್ಸ್) ಹೆಚ್ಚಿಸಬೇಕಾಗುತ್ತದೆ. ಲೇಪ ಕೊಟ್ಟ ಅಲ್ಯೂಮಿನಿಯಂ ಲೈನರ್ ದುಬಾರಿಯಾದರೂ ಬ್ಲಾಕಿನೊಂದಿಗೆ ಹೆಚ್ಚುಕಡಿಮೆ ಸಮನಾಗಿ ಹಿಗ್ಗುತ್ತದೆ. ಕೈಯಲ್ಲಿ ಹಣವಿದ್ದರೆ ನಾನು ಅದನ್ನೇ ಹೇಳುತ್ತೇನೆ. ಯಾವ ಲೈನರ್ ಆದರೂ ಹೋನಿಂಗ್ ಮಾಡುವಾಗ ಹೆಡ್‌ನ ಜಾಗದಲ್ಲಿ ದಪ್ಪ ಟಾರ್ಕ್ ಪ್ಲೇಟನ್ನು ಬಿಗಿದಿರಬೇಕು, ಏಕೆಂದರೆ ಬೋಲ್ಟ್ ಬಿಗಿದಾಗ ಬೋರ್ ತನ್ನ ದುಂಡಗಿನ ಆಕಾರವನ್ನು ತುಸು ಕಳೆದುಕೊಳ್ಳುತ್ತದೆ. ಅನಂತರ ಡಯಲ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿಗೆ ಅಳೆದು ಬರೆದಿಡಬೇಕು.

ಜೋಡಿಸಿದ ಎಂಜಿನ್ನನ್ನು ಮೊದಲ ಕೆಲವು ನೂರು ಕಿಲೋಮೀಟರ್ ಒಂದೇ ವೇಗದಲ್ಲಿ ಓಡಿಸಬಾರದು. ಹೆದ್ದಾರಿ 48ರಲ್ಲಿ ಚಿತ್ರದುರ್ಗದವರೆಗೆ ಕ್ರೂಸ್ ಹಾಕಿ ಹೋಗಿಬರುವುದಕ್ಕಿಂತ, ವೇಗವನ್ನು ಹದವಾಗಿ ಏರಿಸಿ ಆಕ್ಸಿಲರೇಟರ್ ಬಿಟ್ಟು ಇಳಿಸುತ್ತ ಓಡಿಸಿದರೆ ರಿಂಗ್‌ಗಳು ಗೋಡೆಗೆ ಬೇಗ ಹೊಂದಿಕೊಳ್ಳುತ್ತವೆ. ಆ ಮೊದಲ ಎಣ್ಣೆಯನ್ನು ಬೇಗನೆ ಬದಲಿಸಿ, ತೆಗೆದ ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಸಿಲಿಗೆ ಬಿಡಿಸಿ ನೋಡಬೇಕು. ಮಿನುಗುವ ಚೂರುಗಳು ಕಂಡರೆ ಆಯಸ್ಕಾಂತ ಹಿಡಿಯಿರಿ: ಅಂಟಿಕೊಂಡರೆ ಅದು ಕಬ್ಬಿಣ, ರಿಂಗ್ ಅಥವಾ ಕಬ್ಬಿಣದ ಲೈನರಿನಿಂದ ಬಂದಿರಬಹುದು, ಅಂಟದ ಬಿಳಿ ಚೂರುಗಳು ಹೆಚ್ಚಿದ್ದರೆ ಪಿಸ್ಟನ್ ಉಜ್ಜುತ್ತಿರುವ ಸಂಭವವಿದೆ, ಕಾರನ್ನು ಮುಂದೆ ಓಡಿಸದೆ ಬೋರ್‌ಸ್ಕೋಪನ್ನು ಮತ್ತೆ ಇಳಿಸಬೇಕು.