ಹಕ್ಕಿಗಳ ಹಿಂಡಿಗೆ ಲೀಡರ್ ಯಾರು?

ಪ್ರಾಣಿಗಳ ಓಡಾಟದ ಬಗ್ಗೆ ಓದುವುದು, ಬರೆಯುವುದು ನನ್ನ ಹುಚ್ಚು ಅಂತ ಗೊತ್ತಾದ ಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಸಾವಿರಾರು ಹಕ್ಕಿಗಳ ಹಿಂಡು ಆಕಾಶದಲ್ಲಿ ಗಕ್ಕನೆ ತಿರುಗುತ್ತದಲ್ಲ, ‘ಈಗ ತಿರುಗಿ’ ಅಂತ ಹೇಳುವ ಹಕ್ಕಿ ಯಾವುದು?

ಅಂಥ ಹಕ್ಕಿ ಸಾಮಾನ್ಯವಾಗಿ ಇರುವುದೇ ಇಲ್ಲ. ಹೀಗೆಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಇಷ್ಟು ದೊಡ್ಡ ಕವಾಯತನ್ನು ಯಾರಾದರೂ ನಡೆಸುತ್ತಿರಲೇಬೇಕು ಅಂತ ನಮಗೆ ಅನಿಸುತ್ತದೆ, ಅಲ್ವಾ? ಇಂಗ್ಲೆಂಡಿನ ಎಡ್ಮಂಡ್ ಸೆಲೂಸ್ ವರ್ಷಗಟ್ಟಲೆ ಹಿಂಡುಗಳನ್ನು ನೋಡಿದವರು. ಹಕ್ಕಿಗಳ ಮನಸ್ಸಿನಿಂದ ಮನಸ್ಸಿಗೆ ನೇರವಾಗಿ ಯೋಚನೆ ದಾಟುತ್ತಿರಬಹುದು ಎಂದು ಅವರು 1931ರಲ್ಲಿ ಬರೆದರು. ನಗಬೇಡಿ. ಬರಿಗಣ್ಣನ್ನೇ ನಂಬಿ ಕೂತವರಿಗೆ ಬೇರೆ ಕಾರಣ ಹೊಳೆಯುವುದು ಕಷ್ಟ.

1984ರಲ್ಲಿ ವೇಯ್ನ್ ಪಾಟ್ಸ್ ಎಂಬ ವಿಜ್ಞಾನಿ ಡನ್ಲಿನ್ ಎಂಬ ಸಣ್ಣ ಕಡಲತೀರದ ಹಕ್ಕಿಗಳ ಹಿಂಡನ್ನು ಚಿತ್ರೀಕರಿಸಿ, ಒಂದೊಂದೇ ಫ್ರೇಮ್ ಇಟ್ಟು ನೋಡಿದರು. ಬೆಚ್ಚಿಬಿದ್ದ ಒಂಟಿ ಹಕ್ಕಿ ಅಲುಗಾಡಲು ಸುಮಾರು 38 ಮಿಲಿಸೆಕೆಂಡ್ ಬೇಕು. ಆದರೆ ಹಿಂಡಿನಲ್ಲಿ ತಿರುವಿನ ಅಲೆ ಒಂದು ಹಕ್ಕಿಯಿಂದ ಪಕ್ಕದ ಹಕ್ಕಿಗೆ 15 ಮಿಲಿಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ದಾಟುತ್ತಿತ್ತು. ಅಂದರೆ ಹಕ್ಕಿ ಪಕ್ಕದ ಹಕ್ಕಿಯನ್ನು ನೋಡಿ ತಿರುಗುತ್ತಿಲ್ಲ. ದೂರದಿಂದ ಬರುವ ಅಲೆಯನ್ನು ಮೊದಲೇ ಕಂಡು, ತನ್ನ ಸರದಿಗೆ ಸರಿಯಾಗಿ ತಿರುಗುತ್ತಿದೆ. ಅಲೆಯನ್ನು ಶುರು ಮಾಡುವ ಕೆಲಸ ಯಾವ ಹಕ್ಕಿಯಾದರೂ ಮಾಡಬಹುದು. ಆದರೆ ಹಿಂಡಿನ ಒಳಗಡೆಗೆ ತಿರುಗಿದ ಹಕ್ಕಿಯನ್ನು ಉಳಿದವು ಅನುಸರಿಸುತ್ತವೆ, ಹೊರಗಡೆಗೆ ಹೊರಟದ್ದನ್ನು ಸಾಮಾನ್ಯವಾಗಿ ಕೇರ್ ಮಾಡುವುದಿಲ್ಲ. ಗಿಡುಗ ಕಾಯುತ್ತಿರುವಾಗ ಹೊರಗೆ ಹೋಗಿ ಒಂಟಿಯಾಗುವುದು ಯಾರಿಗೆ ಬೇಕು?

ಮೂರು ವರ್ಷದ ನಂತರ ಕ್ರೇಗ್ ರೆನಾಲ್ಡ್ಸ್ ಕಂಪ್ಯೂಟರ್ ಪರದೆಯ ಮೇಲೆ ಹಿಂಡನ್ನು ಹಾರಿಸಿದರು. ಪ್ರತಿ ಹಕ್ಕಿಗೆ ಮೂರೇ ನಿಯಮ: ಪಕ್ಕದವರಿಗೆ ಡಿಕ್ಕಿ ಹೊಡೆಯಬೇಡ, ಅವರು ಹೋಗುವ ದಿಕ್ಕಿಗೇ ಹೋಗು, ತೀರಾ ದೂರ ಆಗಬೇಡ. ಲೀಡರ್ ಇಲ್ಲದೆಯೇ ಹಿಂಡು ಚೆಂದವಾಗಿ ಹಾರಿತು. ಆದರೆ ಪರದೆಯಲ್ಲಿ ಹಾಗಾಯಿತು ಅಂದಮಾತ್ರಕ್ಕೆ ನಿಜವಾದ ಹಕ್ಕಿಗಳೂ ಹಾಗೇ ಮಾಡುತ್ತವೆ ಅಂತಲ್ಲ. ಅದನ್ನು ಅಳೆದು ನೋಡಿದವರು ರೋಮ್ ನಗರದ ಭೌತವಿಜ್ಞಾನಿಗಳು. ಮುಂದೆ 2021ರಲ್ಲಿ ನೊಬೆಲ್ ಪಡೆದ ಜಾರ್ಜೊ ಪರೀಸಿ ಕೂಡ ಆ ಗುಂಪಿನಲ್ಲಿದ್ದರು. ಒಂದು ಹಳೆಯ ಅರಮನೆಯ ಮಾಳಿಗೆ ಮೇಲೆ ಕ್ಯಾಮೆರಾಗಳನ್ನಿಟ್ಟು, ಸಂಜೆ ಗೂಡಿಗೆ ಬರುವ ಸ್ಟಾರ್ಲಿಂಗ್ ಹಕ್ಕಿಗಳ ಫೋಟೊ ತೆಗೆದು, ಒಂದೊಂದು ಹಕ್ಕಿ ಎಲ್ಲಿತ್ತು ಅಂತ ಲೆಕ್ಕ ಹಾಕಿದರು. ಸ್ಟಾರ್ಲಿಂಗ್ ಅಂದರೆ ನಮ್ಮ ಮೈನಾದ ನೆಂಟ.

2008ರಲ್ಲಿ ಬಂದ ಉತ್ತರ ನನಗೆ ತುಂಬ ಇಷ್ಟ. ಹಿಂಡಿನ ಜೊತೆ ಹಾರಲು ಪ್ರತಿ ಸ್ಟಾರ್ಲಿಂಗ್ ಗಮನ ಕೊಡುವುದು ತನಗೆ ಹತ್ತಿರದ ಆರೇಳು ಹಕ್ಕಿಗಳಿಗೆ ಮಾತ್ರ. ಅವು ಎಷ್ಟು ದೂರದಲ್ಲಿವೆ ಅನ್ನುವುದು ಮುಖ್ಯವಲ್ಲ, ಎಷ್ಟು ಜನ ಅನ್ನುವುದು ಮುಖ್ಯ. ‘ಇಷ್ಟು ಮೀಟರ್ ಒಳಗಿನವರನ್ನು ನೋಡು’ ಅಂತ ನಿಯಮವಿದ್ದಿದ್ದರೆ, ಗಿಡುಗ ಎರಗಿ ಹಿಂಡು ಚದುರಿದ ಕೂಡಲೇ ಹಕ್ಕಿಗಳು ಒಂದಕ್ಕೊಂದು ತಪ್ಪಿಹೋಗುತ್ತಿದ್ದವು. ‘ಆರೇಳು ಜನರನ್ನು ನೋಡು’ ಅಂದರೆ ಹಿಂಡು ಎಷ್ಟೇ ಹಿಗ್ಗಿದರೂ ಕೊಂಡಿ ತಪ್ಪುವುದಿಲ್ಲ.

ಇದಕ್ಕೆ ಅಪವಾದವೂ ಇದೆ. ಪಾರಿವಾಳಗಳ ಬೆನ್ನಿಗೆ ಪುಟ್ಟ ಜಿಪಿಎಸ್ ಕಟ್ಟಿ ಹಾರಿಸಿದಾಗ, ಹತ್ತು ಹಕ್ಕಿಗಳ ಸಣ್ಣ ಗುಂಪಿನಲ್ಲೂ ಮೇಲು-ಕೆಳಗು ಇದೆ ಅಂತ 2010ರಲ್ಲಿ ಗೊತ್ತಾಯಿತು. ಕೆಲವು ಮೊದಲು ತಿರುಗುತ್ತವೆ, ಉಳಿದವು ಹಿಂಬಾಲಿಸುತ್ತವೆ. ಆದರೆ ನೆಲದ ಮೇಲೆ ಕಾಳಿಗಾಗಿ ಜೋರು ಮಾಡುವ ಪಾರಿವಾಳವೇ ಆಕಾಶದಲ್ಲೂ ಲೀಡರ್ ಆಗಬೇಕಿಲ್ಲ. ಎರಡೂ ಬೇರೆ ಬೇರೆ. ಇನ್ನು ‘ವಿ’ ಆಕಾರದಲ್ಲಿ ಹಾರುವ ಹಕ್ಕಿಗಳಲ್ಲಿ ತುದಿಯಲ್ಲಿರುವುದೇ ಯಜಮಾನ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಅಲ್ಲಿ ಗಾಳಿಯ ಸಹಾಯ ಕಡಿಮೆ, ದುಡಿಮೆ ಜಾಸ್ತಿ. ಐಬಿಸ್ ಹಕ್ಕಿಗಳು ಆ ಜಾಗಕ್ಕೆ ಸರದಿ ಪ್ರಕಾರ ಬರುತ್ತವೆ.

ಮುಂದಿನ ಪ್ರಶ್ನೆ ಹೇಗೂ ಬಂದೇ ಬರುತ್ತದೆ: ಮನುಷ್ಯರು? ನಾವೂ ಅಷ್ಟೇನೂ ಬೇರೆಯಲ್ಲ. ಜೆನ್ಸ್ ಕ್ರೌಸ್, ಜಾನ್ ಡೈಯರ್ ಮೊದಲಾದವರು 200 ಜನರನ್ನು ದೊಡ್ಡ ಹಾಲ್‌ನಲ್ಲಿ ಬಿಟ್ಟು, ಮಾತಾಡದೆ ಸುಮ್ನೆ ನಡೆದಾಡಿ, ಗುಂಪು ಬಿಡಬೇಡಿ ಅಂದರು. ಹತ್ತೇ ಜನರಿಗೆ ಗುಟ್ಟಾಗಿ ಒಂದು ಜಾಗ ಹೇಳಿಕೊಟ್ಟರು. ಆ ಶೇಕಡಾ 5ರಷ್ಟು ಜನ ಉಳಿದವರನ್ನೆಲ್ಲ ಅಲ್ಲಿಗೆ ಎಳೆದೊಯ್ದರು.

ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಡನ್ಲಿನ್‌ನಂಥ ಹಕ್ಕಿಗೆ ದೂರದ ಅಲೆ ಕಾಣುತ್ತದೆ. ಜನಜಂಗುಳಿಯಲ್ಲಿ ಹಿಂದಿರುವವರಿಗೆ ಮುಂದೆ ಏನಾಗುತ್ತಿದೆ ಅಂತ ಕಾಣುವುದಿಲ್ಲ. ಚದರ ಮೀಟರಿಗೆ ಏಳು ಜನರ ಹತ್ತಿರ ಬಂದರೆ ಗುಂಪು ನೀರಿನಂತೆ ತುಳುಕುತ್ತದೆ, ಎಲ್ಲಿ ನಿಲ್ಲಬೇಕು ಅನ್ನುವುದು ಯಾರ ಕೈಯಲ್ಲೂ ಇರುವುದಿಲ್ಲ. ಇಂಥ ದುರಂತಗಳಲ್ಲಿ ಎಷ್ಟೋ ಜನ ನಿಂತಲ್ಲೇ, ಎದೆ ಅಮುಕಿ ಉಸಿರುಗಟ್ಟಿ ಸಾಯುತ್ತಾರೆ. ‘ಜನ ಹುಚ್ಚೆದ್ದು ನುಗ್ಗಿದರು’ ಅಂತ ಮರುದಿನ ಹೇಳುವವರ ಮೇಲೆ ನನಗೆ ಸಿಟ್ಟಿದೆ. ಹಿಂದಿನವರು ನುಗ್ಗಿದ್ದು ಮುಂದೆ ಜಾಗವಿದೆ ಅಂದುಕೊಂಡು.

ಸ್ಪೇನ್ ದೇಶದ ಪಾಂಪ್ಲೋನಾದಲ್ಲಿ ಸಾನ್ ಫೆರ್ಮಿನ್ ಹಬ್ಬದ ಜನಸಾಗರವನ್ನು ಡೆನಿಸ್ ಬಾರ್ತೊಲೊ ತಂಡ ಬಾಲ್ಕನಿಗಳಿಂದ ಚಿತ್ರೀಕರಿಸಿತು. ಅದರ ಫಲಿತಾಂಶ 2025ರಲ್ಲಿ ಬಂತು. ದಟ್ಟಣೆ ಒಂದು ಮಿತಿ ದಾಟಿದ ಮೇಲೆ ನೂರಾರು ಜನ ತಮಗೇ ಗೊತ್ತಿಲ್ಲದೆ ಒಟ್ಟಿಗೆ ಸುತ್ತು ಹಾಕುತ್ತಿದ್ದರು, ಒಂದು ಸುತ್ತಿಗೆ ಸುಮಾರು 18 ಸೆಕೆಂಡ್. ಜರ್ಮನಿಯಲ್ಲಿ 2010ರಲ್ಲಿ ನೂಕುನುಗ್ಗಲಿನಲ್ಲಿ 21 ಜನ ಸತ್ತ ಲವ್ ಪರೇಡ್ ಎಂಬ ಸಂಗೀತ ಉತ್ಸವದ ವಿಡಿಯೊಗಳಲ್ಲೂ ಇಂಥದೇ ತೂಗಾಟ ಕಂಡಿತು. ಹಾಗಾಗಿ ಜನ ಸೇರುವ ಕಡೆ ಮೇಲೊಂದು ಕ್ಯಾಮೆರಾ ಇಟ್ಟು, ತೂಗಾಟ ಶುರುವಾದ ಕೂಡಲೇ ಒಳಬರುವ ದಾರಿ ಮುಚ್ಚಬಹುದು. ಮೈಕ್ ಹಿಡಿದು ಮುಂದಿನ ಸಾಲಿನವರಿಗೆ ‘ಹಿಂದೆ ಸರಿಯಿರಿ’ ಅಂತ ಕೂಗಿ ಪ್ರಯೋಜನವಿಲ್ಲ, ಅವರು ಸರಿಯಲಾರರು. ಹೇಳಬೇಕಾದದ್ದು ತೀರಾ ಹಿಂದೆ ನಿಂತವರಿಗೆ.