ಗಾಯರಾಣಕ್ಕೆ ನೀರು ಹೊತ್ತ ವರ್ಷ

ನೀಲಗಿರಿ ಎಲೆಯನ್ನು ಅಂಗೈಯಲ್ಲಿ ಹಿಸುಕಿದರೆ ಬರುವ ವಾಸನೆ ಗೊತ್ತಲ್ಲ, ನೆಗಡಿ ಬಂದಾಗ ಎದೆಗೆ ಹಚ್ಚುವ ಎಣ್ಣೆಯ ವಾಸನೆ. ಅದು ಮೂಗಿಗೆ ಬಂದರೆ ಸಾಕು, ನಮ್ಮ ಶಾಲೆಯ ಅಂಗಳ ಕಣ್ಣಮುಂದೆ ಬಂದು ನಿಲ್ಲುತ್ತದೆ. 1987ರ ನವೆಂಬರ್ 14, ಶನಿವಾರ. ನಾನಾಗ ಏಳನೇ ತರಗತಿ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಕೇಳಿದಾಗ ನಾನು ಬೇರೆ ನೆನಪು ಹುಡುಕಲು ಹೋಗಲಿಲ್ಲ. ಹುಬ್ಬಳ್ಳಿ ಸೇರಿ ಮೂವತ್ತು ವರ್ಷ ಆಯಿತು. ಆ ದಿನ ಮತ್ತು ಅದರ ಹಿಂದೆಯೇ ಬಂದ ಬೇಸಿಗೆ ಮಾತ್ರ ಮಾಸಿಲ್ಲ.

ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ಆಗ ಹಾವೇರಿ ಜಿಲ್ಲೆ ಆಗಿರಲಿಲ್ಲ. ಹಾನಗಲ್ ತಾಲ್ಲೂಕು ಧಾರವಾಡ ಜಿಲ್ಲೆಯಲ್ಲಿತ್ತು. ಆ ತಾಲ್ಲೂಕಿನ ನಮ್ಮೂರು ಕುಸನೂರಿನ ಹೊರಗೆ ಗಾಯರಾಣ ಇತ್ತು. ಯಾರ ಹೆಸರಿನಲ್ಲೂ ಇಲ್ಲದ, ಎಲ್ಲರೂ ಬಳಸುವ ಭೂಮಿ. ಇಂಥ ಭೂಮಿಗೆ ಸರ್ಕಾರದ ಕಾಗದದಲ್ಲಿ 'ಸಿ ಮತ್ತು ಡಿ' ವರ್ಗದ ಜಮೀನು ಅನ್ನುತ್ತಿದ್ದರು, ಅಂದರೆ ಬೀಳು. ಬೀಳು ಅಂತ ಬರೆದವರು ಒಮ್ಮೆ ಬೆಳಗಿನ ಹೊತ್ತು ಬಂದು ನೋಡಬೇಕಿತ್ತು. ಊರ ದನವೆಲ್ಲ ಅಲ್ಲಿ. ಅವ್ವ, ಸಣ್ಣವ್ವ, ಓಣಿಯ ಹೆಂಗಸರೆಲ್ಲ ಕಟ್ಟಿಗೆಗೆ ಅಲ್ಲಿ. ಛಾವಣಿಗೆ ಹೊದಿಸುವ ಹುಲ್ಲು ಅಲ್ಲಿಯದು. ಕಸಬರಿಗೆ ಕಡ್ಡಿ, ಬೇಲಿಯ ಮುಳ್ಳು, ಬಾಣಂತಿಯರ ಕಷಾಯಕ್ಕೆ ಬೇರು, ಎಲ್ಲ ಅಲ್ಲಿಂದಲೇ. ನಮಗೆ ಹುಡುಗರಿಗೆ ಕವಳಿ ಹಣ್ಣು, ಬಾರಿ ಹಣ್ಣು. ನಮ್ಮ ಮನೆಗೆ ಇದ್ದದ್ದು ಒಂದೂವರೆ ಎಕರೆ ಹೊಲ, ಎರಡು ಎಮ್ಮೆ, ನಾಲ್ಕು ಆಡು. ಹೊಲ ಜ್ವಾರಿ ಕೊಡುತ್ತಿತ್ತು, ಮಿಕ್ಕಿದ್ದನ್ನೆಲ್ಲ ಗಾಯರಾಣ ಕೊಡುತ್ತಿತ್ತು.

ಅಲ್ಲಿಗೆ ನೀಲಗಿರಿ ಬಂತು.

ಅದು ಹೇಗೆ ಬಂತು ಅನ್ನುವುದು ಆಗ ನನಗೆ ತಿಳಿದಿರಲಿಲ್ಲ, ಆಮೇಲೆ ಓದಿ ತಿಳಿದುಕೊಂಡೆ. 1984ರ ನವೆಂಬರ್ 14ರಂದು ರಾಜ್ಯ ಸರ್ಕಾರ ಮತ್ತು ಒಂದು ದೊಡ್ಡ ಕಾರ್ಖಾನೆ ಸೇರಿ ಜಂಟಿ ಕಂಪನಿ ಮಾಡಲು ಒಪ್ಪಂದ ಮಾಡಿಕೊಂಡವು. ಸರ್ಕಾರದ ಪಾಲು ನೂರಕ್ಕೆ 51, ಕಾರ್ಖಾನೆಯದು 49. ಕಾರ್ಖಾನೆಗೆ ಮರದ ತಿರುಳು ಬೇಕು, ಅದಕ್ಕೆ ಬೇಗ ಬೆಳೆಯುವ ನೀಲಗಿರಿ ಬೇಕು, ನೀಲಗಿರಿಗೆ ಭೂಮಿ ಬೇಕು. ನಾಲ್ಕು ಜಿಲ್ಲೆಗಳಲ್ಲಿ ಗುರುತು ಮಾಡಿದ ಭೂಮಿ 30,000 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 75,000 ಎಕರೆ. ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಒಂದು ರೂಪಾಯಿ! ಅವ್ವ ಒಂದು ಹೊರೆ ಕಟ್ಟಿಗೆ ಮಾರಿದರೂ ಅದಕ್ಕಿಂತ ಜಾಸ್ತಿ ಸಿಗುತ್ತಿತ್ತು. ಊರವರನ್ನು ಕೇಳಿದವರು ಯಾರೂ ಇಲ್ಲ.

ಇದನ್ನು ಎತ್ತಿ ಹಿಡಿದು ಹಳ್ಳಿ ಹಳ್ಳಿ ತಿರುಗಿದವರು ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯವರು, ಎಸ್.ಆರ್. ಹಿರೇಮಠರು ಮತ್ತು ಅವರ ಜೊತೆಗಾರರು. ಡಾ. ಶಿವರಾಮ ಕಾರಂತರೂ ಜೊತೆಯಾಗಿ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ಮಾರ್ಚ್ 24ರಂದು ಕೋರ್ಟು ತಡೆಯಾಜ್ಞೆ ಕೊಟ್ಟಿತು. ಆದರೆ ಕಾಗದ ದಿಲ್ಲಿಯಲ್ಲಿ, ನೀಲಗಿರಿ ನಮ್ಮೂರಲ್ಲಿ. ಆಗ ಹುಟ್ಟಿದ್ದು 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ. ನಮ್ಮ ಕಡೆ ಸಸಿ ನೆಡುವುದಕ್ಕೆ ಹಚ್ಚುವುದು ಅನ್ನುತ್ತೇವೆ. ನೀಲಗಿರಿ ಕಿತ್ತು ಅದೇ ಜಾಗದಲ್ಲಿ ನಮಗೆ ಬೇಕಾದ ಗಿಡ ಹಚ್ಚುವುದು. ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷ ತುಂಬುವ ದಿನವನ್ನೇ ಆರಿಸಿದ್ದರು. ನಮಗೆ ಮಕ್ಕಳಿಗೆ ಅದು ನೆಹರು ಅವರ ಹುಟ್ಟುಹಬ್ಬ, ಅಷ್ಟೇ.

ಒಂದು ಮಾತು ಮಾತ್ರ ನನ್ನ ಮನಸ್ಸಿಗೆ ಒಪ್ಪಿರಲಿಲ್ಲ. ವನಮಹೋತ್ಸವಕ್ಕೆ ಶಾಲೆಯಲ್ಲಿ ಹಾಡಿ, ಭಾಷಣ ಮಾಡಿ, ಗಿಡ ಹಚ್ಚಿಸಿದ್ದರು. ಈಗ ಬೆಳೆದು ನಿಂತ ಸಸಿಯನ್ನು ಕೀಳಬೇಕಂತೆ. ಗಿಡ ಕೀಳುವುದು ತಪ್ಪು ಅಂತ ಹೇಳಿಕೊಟ್ಟದ್ದು ಇದೇ ಶಾಲೆ ಅಲ್ವಾ? ಆ ವಾರ ಒಂದು ದಿನ ವಿಜ್ಞಾನ ಹೇಳುತ್ತಿದ್ದ ಗುರುಗಳ ಮುಂದೆ ಹೋಗಿ ನಿಂತೆ.

"ಗುರುಗಳೇ, ಸಸಿ ಕೀಳೂದು ಪಾಪ ಅಲ್ಲೇನ್ರೀ?"

ಅವರು ತಟ್ಟನೆ ಉತ್ತರ ಕೊಡಲಿಲ್ಲ. "ನಾ ಹೌದು ಅನ್ನೂದಿಲ್ಲ, ಅಲ್ಲ ಅನ್ನೂದಿಲ್ಲ. ಸಂಜಿಗೆ ಎಮ್ಮಿ ಹೊಡಕೊಂಡು ಹೊಕ್ಕೀಯಲ್ಲ ತಂಗಿ, ರಸ್ತೆ ಬದಿ ಹಳೇ ನೀಲಗಿರಿ ತೋಪು ಐತಲ್ಲ, ಅದರ ಬುಡಕ್ಕ ಏನೇನು ಬೆಳದೈತಿ ಎಣಿಸಿಕೊಂಡು ಬಾ" ಎಂದರು.

ಹೋದೆ. ಎಣಿಸಲು ಏನೂ ಇರಲಿಲ್ಲ. ಒಣಗಿದ ಎಲೆ ಹಾಸಿತ್ತು. ಕಾಲಲ್ಲಿ ಸರಿಸಿದರೆ ಕೆಳಗೆ ಹಳೆಯ ವರ್ಷದ ಎಲೆ, ಅದೂ ಕೊಳೆಯದೆ ಹಾಗೇ ಇತ್ತು. ಹುಲ್ಲು ಅಲ್ಲೊಂದು ಇಲ್ಲೊಂದು. ಎಮ್ಮೆ ಒಂದು ಎಲೆಗೆ ಮೂಗು ಹಚ್ಚಿ, ಉಸಿರು ಬಿಟ್ಟು, ಮುಖ ತಿರುಗಿಸಿತು. ಸಿಕ್ಕಿದ್ದನ್ನೆಲ್ಲ ತಿನ್ನುವ ಆಡು ಕೂಡ ಮುಟ್ಟಲಿಲ್ಲ. ಅಲ್ಲಿಂದ ಇಪ್ಪತ್ತು ಹೆಜ್ಜೆ ಈಚೆಗೆ ಕಾರಿಕಂಟಿಯ ಪೊದೆ ಇತ್ತು. ಅದರ ಬುಡದಲ್ಲಿ ಕೂತು ಎಣಿಸಿದೆ. ಹುಲ್ಲಿನಲ್ಲೇ ಮೂರು ಬಗೆ, ಇರುವೆ ಗೂಡು, ಹಕ್ಕಿ ಹಿಕ್ಕೆ, ಹೆಸರು ಗೊತ್ತಿಲ್ಲದ ಬಳ್ಳಿ, ಒಂದು ಓತಿಕ್ಯಾತ. ಮರುದಿನ ಹೋಗಿ ಹೇಳಿದೆ. ಗುರುಗಳು "ಹ್ಞೂಂ, ಬರ್ದಿಡು" ಎಂದರು, ಅಷ್ಟೇ. ಅವರು ನೌಕರಿಯಲ್ಲಿದ್ದವರು, ನಮ್ಮನ್ನು ಹೋಗಿ ಎಂದು ಹೇಳುವಂತಿರಲಿಲ್ಲ. ಮನೆಯಲ್ಲಿ ಕೇಳಿ, ಅವ್ವ ಅಪ್ಪ ಕರೆದುಕೊಂಡು ಹೋದರೆ ಹೋಗಿ ಎಂದಿದ್ದರು. ಪಾಠ ಹೇಳುವುದೆಂದರೆ ಏನು ಅನ್ನುವುದು ನನಗೆ ಅರ್ಥವಾದದ್ದು ಆ ಕಾರಿಕಂಟಿಯ ಬುಡದಲ್ಲಿ.

ಆ ಶನಿವಾರ ಬೆಳಿಗ್ಗೆ ಊರು ಜಾತ್ರೆಯ ಹಾಗಿತ್ತು. ಎರಡು ಸಾವಿರದಷ್ಟು ಜನ. ಎತ್ತಿನ ಗಾಡಿಯಲ್ಲಿ ಬಂದವರು, ಬುತ್ತಿ ಕಟ್ಟಿಕೊಂಡು ನಡೆದು ಬಂದವರು, ಸೊಂಟದಲ್ಲಿ ಕೂಸು ಹೊತ್ತವರು. ಶಾಲೆಯ ಅಂಗಳದಲ್ಲಿ ಎಲ್ಲರೂ ನಿಂತು ಪ್ರತಿಜ್ಞೆ ತೆಗೆದುಕೊಂಡೆವು. ಯಾರಿಗೂ ಕೈ ಎತ್ತುವುದಿಲ್ಲ, ಯಾರಾದರೂ ಹೊಡೆದರೂ ತಿರುಗಿ ಹೊಡೆಯುವುದಿಲ್ಲ ಎಂದು. ದಿನಾ ಪ್ರಾರ್ಥನೆಗೆ ನಾವು ಸಾಲಾಗಿ ನಿಲ್ಲುತ್ತಿದ್ದ ಜಾಗದಲ್ಲಿ ಅಪ್ಪ ನಿಂತಿದ್ದ, ಅಜ್ಜಿ ನಿಂತಿದ್ದಳು. ಒಂದು ದಿನವೂ ಶಾಲೆಗೆ ಹೋಗದ ಅಜ್ಜಿ, ನನ್ನ ಪಕ್ಕದಲ್ಲಿ, ಬಲಗೈ ಮುಂದೆ ಮಾಡಿ. ಅದನ್ನು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ.

ಡೊಳ್ಳು ಮುಂದೆ, ನಾವು ಹಿಂದೆ. ಹೆಚ್ಚು ದೂರವೇನಿಲ್ಲ, ಒಂದು ಕಿಲೋಮೀಟರ್ ಇರಬಹುದು. ಮಳೆಗಾಲ ಮುಗಿದಿತ್ತು, ಮಣ್ಣು ಬಿಗಿದಿತ್ತು. ಅವ್ವ ಒಂದು ಸಸಿಯ ಬುಡಕ್ಕೆ ಗುದ್ದಲಿ ಹಾಕಿದಳು. ನಾನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಸುಲಭವಾಗಿ ಬರಲಿಲ್ಲ. ಕೊನೆಗೆ ಬಂದಾಗ ನೋಡಿದರೆ ಬೇರಿಗೆ ಕರೀ ಪ್ಲಾಸ್ಟಿಕ್ ಚೀಲದ ಚೂರು ಹಾಗೇ ಸುತ್ತಿಕೊಂಡಿತ್ತು, ಬೇರು ಅದರೊಳಗೇ ಸುರುಳಿ ಸುತ್ತಿತ್ತು. ನನ್ನ ಕೈಗೆಲ್ಲ ಆ ವಾಸನೆ. ಅವ್ವ ಸಸಿಯನ್ನು ಬೀಸಾಡಲಿಲ್ಲ. ಬದಿಗೆ ಮಲಗಿಸಿ, ಒಂದು ಸಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಎರಡು ಸಾವಿರ ಜನ ಸೇರಿ ಅವತ್ತು ಕಿತ್ತದ್ದು ನೂರರಷ್ಟು ಸಸಿ. ಎಲ್ಲವನ್ನೂ ಕಿತ್ತೊಗೆಯಬೇಕು ಎಂದು ಯಾರೂ ಹೊರಟಿರಲಿಲ್ಲ. ಈ ಭೂಮಿಯಲ್ಲಿ ಏನು ಬೆಳೆಯಬೇಕು ಅನ್ನುವುದನ್ನು ಇಲ್ಲಿ ಬದುಕುವವರನ್ನು ಕೇಳಿ ಎಂದು ಹೇಳುವುದಕ್ಕೆ ಅಷ್ಟು ಸಾಕಿತ್ತು.

ಅದೇ ಗುಂಡಿಯನ್ನು ಇನ್ನಷ್ಟು ಅಗೆದು ಹಣ್ಣಿಗೆ, ಮೇವಿಗೆ ಆಗುವ ಗಿಡ ಹಚ್ಚಿದೆವು. ನಮ್ಮ ಪಾಲಿಗೆ ಬಂದದ್ದು ಹುಣಸೆ. ಮನೆಗೆ ಹೋಗುವ ಮುಂಚೆ ಊರವರು ಇನ್ನೊಂದು ಪ್ರತಿಜ್ಞೆ ಮಾಡಿದರು. ಹಚ್ಚಿದ ಸಸಿಗಳಿಗೆ ನೀರು ಹಾಕಿ ಕಾಪಾಡುತ್ತೇವೆ ಎಂದು. ಅವತ್ತಿನ ಬಗ್ಗೆ ಬರೆದವರೆಲ್ಲ ಜನ, ಡೊಳ್ಳು, ಕಿತ್ತದ್ದು, ಇವನ್ನು ಬರೆದಿದ್ದಾರೆ. ನಾನು ಬರೆಯಬೇಕು ಅಂದುಕೊಂಡದ್ದು ಈ ಎರಡನೆಯ ಪ್ರತಿಜ್ಞೆಯ ಬಗ್ಗೆ. ಅದನ್ನು ನಡೆಸಿದ್ದರಲ್ಲಿ ನಮ್ಮ ತರಗತಿಯ ಪಾಲೂ ಇದೆ.

ಡಿಸೆಂಬರಿನಲ್ಲಿ ಉತ್ಸಾಹ ಇತ್ತು. ಜನವರಿಯಲ್ಲೂ ಇತ್ತು. ಫೆಬ್ರವರಿ ಕೊನೆಗೆ ಬಾವಿಯ ನೀರು ಕೆಳಗೆ ಹೋಯಿತು, ಕೊಡ ಹೊತ್ತು ಅಷ್ಟು ದೂರ ಯಾರು ಹೋಗುತ್ತಾರೆ? ಆಗ ಗುರುಗಳು ನಮಗೆ ನೂರು ಪುಟದ ವಹಿ ತಂದುಕೊಟ್ಟರು. ಶಾಲೆಯ ಮಕ್ಕಳು ನೋಡಿಕೊಳ್ಳುವ ಸಸಿಗಳಿಗೆಲ್ಲ ಸಂಖ್ಯೆ. ಎದುರಿಗೆ ಹೆಸರು, ವಾರ, ನೀರು ಹಾಕಿದ್ದಕ್ಕೆ ಸರಿ ಗುರುತು, ಒಣಗಿದರೆ ಒಂದು ಗೆರೆ. ಸುಳ್ಳು ಗುರುತು ಹಾಕಬೇಡಿ, ಗೆರೆ ಎಳೆದರೆ ಯಾರೂ ಬೈಯುವುದಿಲ್ಲ ಎಂದಿದ್ದರು.

ಗಡಿಗೆಯ ಉಪಾಯವನ್ನೂ ಅವರೇ ಹೇಳಿಕೊಟ್ಟರು. ಪ್ರತಿ ಮನೆಯಲ್ಲೂ ಕಂಠ ಒಡೆದ ಗಡಿಗೆ ಇರುತ್ತದೆ. ಅದರ ತಳಕ್ಕೆ ಮೊಳೆಯಿಂದ ಸಣ್ಣ ತೂತು. ಜೋರಾಗಿ ಹೊಡೆದರೆ ಗಡಿಗೆ ಸೀಳುತ್ತದೆ, ಮೊಳೆಯನ್ನು ತಿರುಗಿಸುತ್ತಾ ಕೊರೆಯಬೇಕು. ಹಳೆಯ ಸೀರೆಯ ಚಿಂದಿಯನ್ನು ಹೊಸೆದು ಬತ್ತಿಯ ಹಾಗೆ ತೂರಿಸಬೇಕು. ಸಸಿಯಿಂದ ಒಂದು ಗೇಣು ದೂರದಲ್ಲಿ ಗಡಿಗೆಯನ್ನು ಬಾಯಿಯವರೆಗೆ ಹೂಳಿ, ನೀರು ತುಂಬಿ, ಮೇಲೆ ಚಪ್ಪಟೆ ಕಲ್ಲು ಮುಚ್ಚಬೇಕು. ನೀರು ಬತ್ತಿಯಲ್ಲಿ ಇಳಿದು ಬೇರಿಗೆ ತೊಟ್ಟು ತೊಟ್ಟಾಗಿ ಹೋಗುತ್ತದೆ. ಮೇಲಿಂದ ಸುರಿದ ನೀರು ಸಂಜೆಯೊಳಗೆ ಬಿಸಿಲಿಗೆ ಹೋಗುತ್ತಿತ್ತು. ಹೀಗೆ ಮಾಡಿದರೆ ಒಂದು ಕೊಡ ನೀರು ನಾಲ್ಕೈದು ದಿನ ಬರುತ್ತಿತ್ತು. ನಾನು ಹಾಕಿದ ಬತ್ತಿ ಅವ್ವನ ಹಸಿರು ಇಳಕಲ್ ಸೀರೆಯ ಸೆರಗಿನದು. ಕಲ್ಲು ಸರಿಸಿ ಒಳಗೆ ಇಣುಕಿ, ನೀರು ಎಷ್ಟು ಇಳಿದಿದೆ ಎಂದು ಬೆರಳಿನಿಂದ ಅಳೆಯುವುದು ನನಗೆ ದೊಡ್ಡ ಖುಷಿ.

ಏಪ್ರಿಲ್‌ನಲ್ಲಿ ಗೆರೆಗಳು ಜಾಸ್ತಿಯಾದವು. ಬೇಲಿಗೆ ಕಟ್ಟಿದ ಜಾಲಿ ಮುಳ್ಳನ್ನು ಯಾರೋ ಒಲೆಗೆ ಒಯ್ದರು, ಒಯ್ದವರ ಮನೆಯಲ್ಲೂ ಒಲೆ ಉರಿಯಬೇಕಲ್ಲ. ನಮ್ಮದೇ ಆಡು ಒಂದು ದಿನ ಗೆಳತಿಯ ಮಾವಿನ ಸಸಿಯನ್ನು ಬುಡದವರೆಗೆ ತಿಂದಿತು. ಅವ್ವ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋಗಿ, "ನಮ್ಮ ಆಡು ತಿಂದೈತ್ರೀ ಅಕ್ಕಾ, ಮಳಿಗಾಲಕ್ಕ ನಾವು ಬ್ಯಾರೆ ಹಚ್ಚಿ ಕೊಡ್ತೀವಿ" ಎಂದಳು. ಕೊಟ್ಟಳೂ. ಪರೀಕ್ಷೆ ಮುಗಿದು ಸೂಟಿ ಬಂದರೂ ನಾಲ್ಕೈದು ಜನ ಬಿಡಲಿಲ್ಲ. ಬೆಳಿಗ್ಗೆ ಆರಕ್ಕೇ ಕೊಡ ಹೊತ್ತು ಹೋಗುತ್ತಿದ್ದೆವು. ಮೊದಲ ಮಳೆ ಬಂದಾಗ ವಹಿಯಲ್ಲಿ ಗೆರೆ ಬೀಳದ ಸಾಲುಗಳು ಅರ್ಧಕ್ಕಿಂತ ಕಡಿಮೆ ಉಳಿದಿದ್ದವು. ನನ್ನ ಹುಣಸೆ ಅದರಲ್ಲಿತ್ತು. ಮೊಣಕಾಲಿನಷ್ಟು ಎತ್ತರ, ಹನ್ನೊಂದು ಕಡ್ಡಿ. ಕಡ್ಡಿ ಕಡ್ಡಿಯನ್ನೂ ಎಣಿಸಿದ್ದೆ.

ನಮ್ಮದೊಂದೇ ಹೋರಾಟ ಅಂತಲ್ಲ. ಪಕ್ಕದ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ 1983ರ ಸೆಪ್ಟೆಂಬರ್ 8ರಂದು ಜನ ಮರಗಳನ್ನು ತಬ್ಬಿ ನಿಂತಿದ್ದರು, ಅದೇ ಅಪ್ಪಿಕೋ. ಅವರು ಇದ್ದ ಕಾಡನ್ನು ಉಳಿಸಲು ನಿಂತರು, ನಾವು ಹುಲ್ಲು ಕಂಟಿಯ ಬಯಲನ್ನು ಉಳಿಸಲು ನಿಂತೆವು. ಕಾಡಿಗೆ ಸಿಕ್ಕಷ್ಟು ಹೆಸರು ಬಯಲಿಗೆ ಸಿಗಲಿಲ್ಲ ಎಂದು ನನಗೆ ಅನ್ನಿಸುತ್ತದೆ. ನೋಡಲು ಚೆಂದ ಇಲ್ಲದ ಭೂಮಿಯನ್ನು ಈಗಲೂ ಬೀಳು ಎಂದೇ ಕರೆಯುತ್ತಾರೆ, ಯಾವುದಕ್ಕಾದರೂ ಕೊಟ್ಟುಬಿಡುತ್ತಾರೆ.

1991ರ ಅಕ್ಟೋಬರಿನಲ್ಲಿ ಸರ್ಕಾರ ಆ ಜಂಟಿ ಕಂಪನಿಯನ್ನು ಮುಚ್ಚಿತು. ನಾನಾಗ ಹಾನಗಲ್ಲಿನಲ್ಲಿ ಪಿಯುಸಿ ಓದುತ್ತಿದ್ದೆ. ಊರಿಗೆ ಹೋಗಿ ಸುದ್ದಿ ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. "ಹಂಗಾರ ಇನ್ನ ಯಾರೂ ಕೇಳೂದಿಲ್ಲೇನು?" ಎಂದಳು. ಇಲ್ಲ ಎಂದೆ. ರೊಟ್ಟಿ ತಿರುವಿ ಹಾಕಿ, "ಹುಣಸೀಗೆ ಮುಳ್ಳು ಕಟ್ಟೂದೈತಿ, ನಾಳೆ ಬರ್ತೀಯೇನು?" ಎಂದು ಕೇಳಿದಳು. 2017ರಲ್ಲಿ ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನೇ ಸರ್ಕಾರ ನಿಷೇಧಿಸಿದಾಗ ಅವ್ವನಿಗೆ ಫೋನ್ ಮಾಡಿ ಹೇಳಿದೆ. ಬಹಳ ಹೊತ್ತು ನಕ್ಕಳು.

ಹುಬ್ಬಳ್ಳಿಯ ನಮ್ಮ ಬಡಾವಣೆಯಲ್ಲಿ ಪ್ರತಿ ಜೂನ್ 5ಕ್ಕೆ ಸಸಿ ಹಚ್ಚುತ್ತಾರೆ. ನನ್ನನ್ನೂ ಕರೆಯುತ್ತಾರೆ, ಪ್ರೀತಿಯಿಂದ ಹೋಗುತ್ತೇನೆ. ಹೋದಾಗ ಒಂದು ವಹಿ ಒಯ್ಯುತ್ತೇನೆ. ಮೊದಲ ವರ್ಷ ಯಾರೂ ಹೆಸರು ಬರೆಸಲಿಲ್ಲ. ಕಳೆದ ವರ್ಷ ಒಂಬತ್ತು ಮನೆಯವರು ಬರೆಸಿದರು. ಮಣ್ಣಿನ ಗಡಿಗೆ ಸಿಗುವುದು ಮಾತ್ರ ಈಗ ಕಷ್ಟ.

ಕೊನೆಗೆ ನನ್ನ ಜೊತೆ ಓದಿದವರಲ್ಲಿ ಒಂದು ವಿನಂತಿ. ಆ ನೂರು ಪುಟದ ವಹಿ ನಾವು ಶಾಲೆ ಬಿಡುವಾಗ ನಮ್ಮ ತರಗತಿಯ ಯಾರದೋ ಕೈಯಲ್ಲಿತ್ತು. ಮನೆಯ ಅಟ್ಟದ ಮೇಲೆ, ಟ್ರಂಕಿನಲ್ಲಿ, ಎಲ್ಲಾದರೂ ಇರಬಹುದು. ಸಿಕ್ಕರೆ ಶಾಲೆಗೆ ತಲುಪಿಸಿ. ನನ್ನ ಹುಣಸೆಯ ಸಂಖ್ಯೆ 14 ಎಂದು ನನ್ನ ನೆನಪು. ಅವ್ವ 41 ಅನ್ನುತ್ತಾಳೆ.