ಕೂಲಿ ಎಷ್ಟು ಮಗಾ?

ಸೋಮವಾರದಿಂದ ಈ ಪ್ರಶ್ನೆ ತಲೆಯಿಂದ ಇಳಿದಿಲ್ಲ. "ದಿನಕ್ಕೆ ಕೂಲಿ ಎಷ್ಟು ಕೊಡ್ತಾರೆ ಮಗಾ?"

ಕೇಳಿದ್ದು ಒಬ್ಬ ಅಜ್ಜ. ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಮಳೆ ಧೋ ಅಂತ ಸುರಿಯುತ್ತಿತ್ತು. ಅಜ್ಜ ನಮ್ಮ ಆಡಿಟರ್ ಆಫೀಸಿನ ಬಾಗಿಲಲ್ಲಿ ಕೊಡೆ ಒದರಿ, ಪಂಚೆ ತುದಿ ಹಿಂಡಿ, ಗೊಬ್ಬರದ ಚೀಲದಿಂದ ಬಿಲ್ಲು, ರಸೀದಿ, ಎರಡು ನೋಟ್‌ಬುಕ್ ಎಲ್ಲವನ್ನೂ ನನ್ನ ಟೇಬಲ್ ಮೇಲೆ ಸುರಿದರು. ಜೊತೆಗೆ ಒಂದು ಇಂಬಳವೂ ಬಿತ್ತು, ಅದೇ ನಮ್ಮ ಮಲೆನಾಡಿನ ರಕ್ತ ಹೀರೋ ಜಿಗಣೆ. ಆಮೇಲೆ ಈ ಪ್ರಶ್ನೆ.

"ಕೂಲಿ ಅಲ್ಲ ಅಜ್ಜ, ಇಂಟರ್ನ್‌ಶಿಪ್."

"ಹಂಗಂದ್ರೆ?"

"ಕೆಲಸ ಕಲಿಯೋದು. ದುಡ್ಡು ಕೊಡಲ್ಲ."

"ಬಿಟ್ಟಿ ಚಾಕರಿ ಅನ್ನು." ಇಷ್ಟು ಹೇಳಿ ಬೆಂಚಿನ ಮೇಲೆ ಕೂತು ಎಲೆ ಅಡಿಕೆ ತೆಗೆದರು. ಗಾಜಿನ ರೂಮಿನೊಳಗೆ ಸಾರ್ ಫೋನಿನಲ್ಲಿದ್ದರು, ಕೇಳಿಸಲಿಲ್ಲ. ಕೇಳಿಸಿದ್ದರೆ ಚೆನ್ನಾಗಿತ್ತು.

ನನಗೆ ಸಿಟ್ಟು ಬಂತು. ಬಿಟ್ಟಿ ಅಂದಿದ್ದಕ್ಕಲ್ಲ, ಅದು ನಿಜವೇ. ಆಲ್ದೂರಿನಿಂದ ದಿನಾ ಬಸ್ಸಿನಲ್ಲಿ ನಿಂತು ಬಂದು, ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಬಿಲ್ ಎಂಟ್ರಿ ಮಾಡುತ್ತೇನೆ. ತಿಂಗಳ 20ನೇ ತಾರೀಕು ಬಂದರೆ ಆಫೀಸಿನಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಜಿಎಸ್‌ಟಿ ರಿಟರ್ನ್ ಒಂದು ದಿನ ತಡವಾದರೆ 50 ರೂಪಾಯಿ ಲೇಟ್ ಫೀ. ಅಂದರೆ ತಡ ಮಾಡಿದ ಅಂಗಡಿಯವನಿಗೂ ದಿನಕ್ಕೊಂದು ರೇಟು ಇದೆ. ನನಗೆ ಇಲ್ಲ. ಇನ್ನು ನಮ್ಮ ಕಾಲೇಜಿನ ಗೈಡ್ ಒಂದು ದಿನವೂ ಬಂದು ನೋಡಿಲ್ಲ. ನಲವತ್ತು ಪುಟದ ರಿಪೋರ್ಟ್, ಸ್ಪೈರಲ್ ಬೈಂಡಿಂಗ್ ಕಡ್ಡಾಯ ಅಂತ ವಾಟ್ಸಾಪ್ ಮಾತ್ರ ತಪ್ಪದೇ ಬರುತ್ತೆ.

ಸಿಟ್ಟು ಬಂದದ್ದು 'ಕೂಲಿ' ಅನ್ನೋ ಮಾತಿಗೆ. ಸಂಬಳ ಎಷ್ಟು ಅಂತ ಕೇಳಿದ್ದರೆ ನಗುತ್ತಿದ್ದೆ. ಸ್ಟೈಪೆಂಡ್ ಅಂದಿದ್ದರೆ ಖುಷಿಯೇ ಆಗುತ್ತಿತ್ತೇನೋ. ನನ್ನಮ್ಮನಿಗೆ ಸಿಗೋದು ಕೂಲಿ. ಸುಗ್ಗಿಯಲ್ಲಿ ಕಾಫಿ ಹಣ್ಣು ಕೊಯ್ದರೆ ಕೆಜಿ ಲೆಕ್ಕ, ಈ ಮಳೆಯಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಗಿಡದ ಚಿಗುರು ತೆಗೆದರೆ ದಿನದ ಲೆಕ್ಕ. ಆ ಕೂಲಿಯಲ್ಲೇ ನಾನು ಬಿ.ಕಾಂ. ಕೊನೇ ಸೆಮಿಸ್ಟರ್‌ವರೆಗೆ ಬಂದಿದ್ದು. ಅದೇ ಮಾತು ಕಂಪ್ಯೂಟರ್ ಮುಂದೆ ಕೂತ ನನಗೆ ಅಂಟಿಕೊಂಡರೆ ಮೈ ಉರಿಯಿತು. ಯಾಕೆ ಅಂತ ನನ್ನನ್ನೇ ಕೇಳಿಕೊಳ್ಳೋಕೆ ಎರಡು ದಿನ ಬೇಕಾಯಿತು.

ರಾತ್ರಿ ಅಮ್ಮನಿಗೆ ಹೇಳಿದೆ. ಅಮ್ಮ ಒಲೆ ಮುಂದೆ ಕಾಲು ಚಾಚಿ, ಇಂಬಳ ಕಚ್ಚಿದ ಜಾಗಕ್ಕೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಳು. "ಸಂಬಳ ಇಲ್ದಿದ್ರೆ ಹೋಗ್ಲಿ ಬಿಡು, ಇಂಬಳನಾದ್ರೂ ಇಲ್ವಲ್ಲ" ಅಂದಳು. ಟೇಬಲ್ ಮೇಲೆ ಒಂದು ಬಿದ್ದ ವಿಷಯ ನಾನು ಹೇಳಲಿಲ್ಲ.

ಆಫೀಸಿನಲ್ಲಿ ನನಗೆ ನಿಜವಾಗಿ ಕಲಿಸಿದ್ದು ಹಳೇ ಗುಮಾಸ್ತರೊಬ್ಬರೇ. ಟೀ ಕೊಡಿಸುವ ವಿಷಯದಲ್ಲಿ ಮಹಾ ಜಿಪುಣರು, ವಿದ್ಯೆಯಲ್ಲಿ ಅಲ್ಲ. ಎರಡನೇ ವಾರ ಬ್ಯಾಂಕ್ ಲೆಕ್ಕ 450 ರೂಪಾಯಿಗೆ ತಾಳೆ ಆಗದೆ ಒದ್ದಾಡುತ್ತಿದ್ದೆ. ಅವರು ತಲೆ ಎತ್ತದೇ "ಒಂಬತ್ತರಿಂದ ಭಾಗ ಹೋಗುತ್ತಾ ನೋಡು" ಅಂದರು. ಹೋಯಿತು, ಐವತ್ತು ಬಂತು. "ಹಂಗಾದ್ರೆ ಅಂಕಿ ಅದಲು ಬದಲಾಗಿರಬೇಕು. ನೂರರ ಮನೆ, ಹತ್ತರ ಮನೆ, ಐದರ ವ್ಯತ್ಯಾಸ. ಹುಡುಕು." ಹುಡುಕಿದೆ. 7,610 ಇರಬೇಕಾದ ಕಡೆ 7,160 ಹೊಡೆದಿದ್ದೆ. ಮೂರು ವರ್ಷ ಅಕೌಂಟೆನ್ಸಿ ಓದಿದೆ, ಇದನ್ನು ಒಬ್ಬರೂ ಹೇಳಿರಲಿಲ್ಲ.

ಅಜ್ಜನ ಚೀಲ ನನ್ನ ಪಾಲಿಗೇ ಬಂತು. ಅಜ್ಜ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ, ಅಂದರೆ ಒಣಗಿದ ಹಣ್ಣಿನ ಸಿಪ್ಪೆ ತೆಗೆಸಿ ಬೀಜ ಮಾಡಿಸಿ, ಮಾರುವವರು. ಒಣ ಚೆರ್ರಿಯನ್ನೇ, ಅಂದರೆ ಸಿಪ್ಪೆ ಸಮೇತ ಒಣಗಿದ ಹಣ್ಣನ್ನೇ ಮಾರಿದರೆ ಪೂರ್ತಿ ಕೃಷಿ ಆದಾಯ, ಇನ್‌ಕಮ್ ಟ್ಯಾಕ್ಸ್ ತಲೆನೋವಿಲ್ಲ. ಕ್ಯೂರಿಂಗ್ ಮಾಡಿಸಿದರೆ ಲಾಭದ ಶೇ. 25 ಭಾಗ ವ್ಯಾಪಾರದ್ದು ಅಂತ ಲೆಕ್ಕ, ಹುರಿದು ಪುಡಿ ಮಾಡಿ ಮಾರಿದರೆ ಶೇ. 40. ಹಾಗಾಗಿ ಖರ್ಚಿನ ಲೆಕ್ಕ ಪೂರ್ತಿ ಬೇಕು, ಕೊಯ್ಲಿನ ಕೂಲಿಯೂ ಸೇರಿ.

ಬುಧವಾರ ಕೊಯ್ಲಿನ ನೋಟ್‌ಬುಕ್ ತೆಗೆದೆ. ಜನವರಿಯ ಪುಟಗಳು. ಒಂದೊಂದು ದಿನಕ್ಕೂ ಹೆಸರು, ಮುಂದೆ ಕೆಜಿ, ಕೆಳಗೆ ಆ ದಿನ ಕಣಕ್ಕೆ ಹೋದ ಒಟ್ಟು ತೂಕ. ಹೆಸರಿನ ಮುಂದಿನದ್ದು ಒಬ್ಬರ ಕೈಬರಹ, ಕೆಳಗಿನ ಒಟ್ಟು ಅಜ್ಜನದೇ. ಬೆರಳ ತುದಿಯ ಕಂದು ಕಲೆ ಅಲ್ಲಲ್ಲಿ ಹಾಗೇ ಇತ್ತು. ಅಮ್ಮನ ಬೆರಳಲ್ಲಿ ಮಾರ್ಚ್‌ವರೆಗೂ ಇರುತ್ತೆ ಅದು. ಒಂದು ದಿನದ್ದು ಮಾತ್ರ ಕೂಡಲಿಲ್ಲ. 27 ಕೆಜಿ ಕಮ್ಮಿ.

ಒಂಬತ್ತರಿಂದ ಭಾಗಿಸಿದರೆ ಮೂರು. ಪುಟದ ಮೇಲಿಂದ ಬೆರಳಿಟ್ಟು ಬಂದೆ. ಐದನೇ ಹೆಸರಿನ ಮುಂದೆ 58. ಅದು 85 ಆಗಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆ ಹೆಂಗಸು ಉಳಿದ ದಿನಗಳಲ್ಲಿ ಎಂಬತ್ತಕ್ಕಿಂತ ಕಮ್ಮಿ ಕೊಯ್ದೇ ಇರಲಿಲ್ಲ.

ಒಟ್ಟು ಖರ್ಚಿಗೆ ಇದರಿಂದ ಏನೂ ದೊಡ್ಡ ವ್ಯತ್ಯಾಸ ಆಗಲ್ಲ. ಕೊಟ್ಟ ದುಡ್ಡೇ ಖರ್ಚು, ಕೊಡದ್ದಲ್ಲ. ಗುಮಾಸ್ತರೂ "ಬಿಟ್ಟಾಕು, ಸುಮ್ನೆ ಟೈಮ್ ವೇಸ್ಟ್" ಅಂದರು. ಆದರೂ ಮಧ್ಯಾಹ್ನ ಊಟದ ಹೊತ್ತಲ್ಲಿ ಅಜ್ಜನಿಗೆ ಫೋನ್ ಮಾಡಿದೆ. ಆ ಕಡೆಯೂ ಮಳೆ, ತಗಡಿನ ಮೇಲೆ ಬೀಳೋ ಸದ್ದು. ತಾರೀಕು ಹೇಳಿದೆ, ಹೆಸರು ಹೇಳಿದೆ, 58 ಅಂದೆ, 85 ಅಂದೆ.

ತುಂಬಾ ಹೊತ್ತು ಬರೀ ತಗಡಿನ ಸದ್ದೇ ಕೇಳಿಸಿತು.

"ಅವಳು ಅವತ್ತೇ ಹೇಳಿದ್ಲು ಕಣೆ. ನಾನೇ ನಂಬಲಿಲ್ಲ."

ನಾನು ಏನೂ ಹೇಳಲಿಲ್ಲ. ಆಮೇಲೆ ಅಜ್ಜ ಕೆಮ್ಮಿ, ಗಂಟಲು ಸರಿ ಮಾಡಿಕೊಂಡರು.

"ಇಪ್ಪತ್ತೇಳು ಕೆಜಿಗೆ ಎಷ್ಟಾಯ್ತು ನೋಡು ಮಗಾ. ರೇಟು ಆ ಬುಕ್ಕಿನ ಹಿಂದಿನ ರಟ್ಟಿನ ಮೇಲಿದೆ."